ಅಚ್ಚಿಗೆ ಹೋಗುವ ಮುನ್ನ ಒಂದು ಚಿತ್ರ

ನಮ್ಮೂರಿನ ಶಾಲೆಗೆ ನೂರು ವರ್ಷ ತುಂಬಿದಾಗ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಸ್ಮರಣ ಸಂಚಿಕೆ ತಂದೆವು. ಒಳ್ಳೆಯ ಕಾಗದ, ನಾಲ್ಕು ಬಣ್ಣದ ಮುದ್ರಣ, ಗಟ್ಟಿ ರಟ್ಟು. ಕೈಗೆ ಬಂದೊಡನೆ ಎಲ್ಲರೂ ತೆರೆದದ್ದು 1948ರ ಗುಂಪುಚಿತ್ರದ ಪುಟವನ್ನು. ನಾಲ್ಕು ಸಾಲಿನಲ್ಲಿ ಅರುವತ್ತು ಜನ. ಅಷ್ಟೂ ಮಂದಿಯ ಹೆಸರುಗಳನ್ನು ಹಿರಿಯರಿಂದ ಕೇಳಿ, ತಿದ್ದಿ, ಕೆಳಗೆ ಅಚ್ಚು ಹಾಕಿಸಿದ್ದೆವು. ಹೆಸರುಗಳಿದ್ದವು, ಮುಖಗಳಿರಲಿಲ್ಲ. ಮುಂದಿನ ಸಾಲಿನ ಮೇಷ್ಟರುಗಳ ಪೇಟ, ಕೋಟುಗಳು ಕಾಣುತ್ತಿದ್ದವು. ಹಿಂದಿನ ಸಾಲುಗಳಲ್ಲಿ ಟೋಪಿಗಳ ಕೆಳಗೆ ಬರೀ ಬೂದು ಮಚ್ಚೆ. ಆ ಮೇಷ್ಟರಲ್ಲೊಬ್ಬರ ಮಗಳು, ಈಗ ಎಂಬತ್ತು ದಾಟಿದವರು, ಪುಟವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿ, ಕೊನೆಗೆ “ಹೆಸರು ಓದಿದೆ ಕಣಪ್ಪಾ, ಅಪ್ಪ ಸಿಗಲಿಲ್ಲ” ಎಂದರು.

ಅಚ್ಚುಕೂಟದವರು ಕೆಲಸ ಕೆಡಿಸಿದರೆಂದು ಸಮಿತಿಯವರೆಲ್ಲ ಬೈದೆವು. ನಿಜವಾಗಿ ತಪ್ಪು ನಮ್ಮದೇ ಆಗಿತ್ತು. ಮುಖ್ಯೋಪಾಧ್ಯಾಯರ ಕೋಣೆಯ ಗೋಡೆಯ ಮೇಲಿದ್ದ ಚಿತ್ರವನ್ನು ನಮ್ಮಲ್ಲೊಬ್ಬರು ಗಾಜಿನ ಸಮೇತ ಮೊಬೈಲಿನಲ್ಲಿ ತೆಗೆದಿದ್ದರು, ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದ್ದರು. ಮೊಬೈಲಿನ ಪುಟ್ಟ ಪರದೆಯಲ್ಲಿ ಅದು ಚೆನ್ನಾಗಿಯೇ ಕಂಡಿತ್ತು. ಪರದೆಯ ಮೇಲೆ ಚೆನ್ನಾಗಿ ಕಾಣುವುದೇ ಬೇರೆ, ಕಾಗದದ ಮೇಲೆ ಚೆನ್ನಾಗಿ ಮೂಡುವುದೇ ಬೇರೆ ಎಂಬುದು ಐನೂರು ಪ್ರತಿ ಅಚ್ಚಾದ ಮೇಲೆ ನಮಗೆ ತಿಳಿಯಿತು.

ಮನೆತನದ ಚರಿತ್ರೆ, ಅಭಿನಂದನ ಗ್ರಂಥ, ದೇವಸ್ಥಾನದ ಪರಿಚಯ ಪುಸ್ತಕ, ಸಂಘದ ಸಂಚಿಕೆ ಇವೆಲ್ಲ ನಮ್ಮಲ್ಲಿ ವರ್ಷವಿಡೀ ಅಚ್ಚಾಗುತ್ತಲೇ ಇರುತ್ತವೆ. ಬರಹವನ್ನು ನಾಲ್ಕು ಸಲ ತಿದ್ದುವ ನಾವು ಚಿತ್ರದ ವಿಷಯದಲ್ಲಿ ‘ಸ್ಕ್ಯಾನ್ ಮಾಡಿಸಿದರಾಯಿತು’ ಎಂದು ಕೈ ತೊಳೆದುಕೊಳ್ಳುತ್ತೇವೆ. ಆ ಸ್ಕ್ಯಾನ್ ಎಂದರೇನು, ಅದರಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂಬುದನ್ನು ಸ್ವಲ್ಪ ನೋಡೋಣ.

ಬೂದು ಬಣ್ಣ ಅರಿಯದ ಯಂತ್ರ

ಮೊದಲು ಅಚ್ಚಿನ ಯಂತ್ರದ ಒಂದು ಮಿತಿಯನ್ನು ತಿಳಿಯಬೇಕು. ಅದಕ್ಕೆ ಬೂದು ಬಣ್ಣ ಗೊತ್ತಿಲ್ಲ. ಕಾಗದದ ಒಂದು ಜಾಗದಲ್ಲಿ ಶಾಯಿ ಹಾಕಬಲ್ಲದು, ಇಲ್ಲವೇ ಹಾಕದೆ ಬಿಡಬಲ್ಲದು. ಅರ್ಧ ಶಾಯಿ ಹಾಕಲಾರದು. ಅಕ್ಷರಕ್ಕೆ ಇಷ್ಟು ಸಾಕು. ಆದರೆ ಮನುಷ್ಯನ ಕೆನ್ನೆಯ ಮೇಲೆ ಬೆಳಕಿನಿಂದ ನೆರಳಿಗೆ ಜಾರುವ ನೂರಾರು ಛಾಯೆಗಳನ್ನು ಏನು ಮಾಡುವುದು?

1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಮೂಡಿತು. ಕಲ್ಲಿನ ಮೇಲೆ ಕೈಯಿಂದ ಬರೆದದ್ದನ್ನು ಕಾಗದಕ್ಕಿಳಿಸುವ ಆ ಕ್ರಮದಲ್ಲಿ ಅಕ್ಷರವೂ ಒಂದು ಚಿತ್ರವೇ. ಅದೇ ಕಲ್ಲಚ್ಚನ್ನು ಬಣ್ಣಕ್ಕೆ ಒಗ್ಗಿಸಿ, ಬಣ್ಣಕ್ಕೊಂದರಂತೆ ಕಲ್ಲು ತಯಾರಿಸಿ, 1894ರಲ್ಲಿ ಮುಂಬಯಿಯಲ್ಲಿ ಶುರುವಾದ ರಾಜಾ ರವಿವರ್ಮನ ಮುದ್ರಣಾಲಯ ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಯ ಗೋಡೆಗೆ ತಂದಿತು. ಮೂಲಚಿತ್ರವನ್ನು ನೋಡಿ ಯಾವ ಬಣ್ಣ ಎಲ್ಲಿ ಎಷ್ಟು ಬೇಕೆಂದು ಬೇರ್ಪಡಿಸುತ್ತಿದ್ದವನು ಕುಶಲಕರ್ಮಿ. ಅಂದಿನ ಸ್ಕ್ಯಾನರು ಎಂದರೆ ಆತನ ಕಣ್ಣೇ.

ಫೋಟೋ ಅಚ್ಚಾಗಬೇಕಾದರೆ ಇನ್ನೊಂದು ಉಪಾಯ ಬೇಕಿತ್ತು. 1880ರ ದಶಕದಲ್ಲಿ ಜರ್ಮನಿಯ ಗಿಯೋರ್ಗ್ ಮೈಸೆನ್‌ಬಾಖ್, ಅಮೆರಿಕದ ಫ್ರೆಡರಿಕ್ ಐವ್ಸ್ ಮೊದಲಾದವರು ಅದನ್ನು ರೂಢಿಗೆ ತಂದರು. ಅದೇ ಹಾಫ್‌ಟೋನ್. ಚಿತ್ರವನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆಯುವುದು, ಕಪ್ಪಾಗಿ ಕಾಣಬೇಕಾದಲ್ಲಿ ಚುಕ್ಕಿಯನ್ನು ದಪ್ಪ ಮಾಡುವುದು, ಬೆಳ್ಳಗಿರಬೇಕಾದಲ್ಲಿ ಸಣ್ಣದಾಗಿಸುವುದು. ಶಾಯಿ ಎಲ್ಲೆಡೆ ಒಂದೇ ಕಪ್ಪು, ಬೂದು ಎಂಬುದು ನಮ್ಮ ಕಣ್ಣು ಮಾಡಿಕೊಳ್ಳುವ ಕಲ್ಪನೆ. ಈ ಪತ್ರಿಕೆಯ ಯಾವುದೇ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿ, ಚುಕ್ಕಿಗಳ ಸಂತೆ ಕಾಣುತ್ತದೆ.

ಈ ವಿದ್ಯೆಗೆ ಭಾರತದವರ ಕೊಡುಗೆಯೂ ಇದೆ. ಕಲಕತ್ತೆಯ ಉಪೇಂದ್ರಕಿಶೋರ ರಾಯ್‌ಚೌಧುರಿ ಮಕ್ಕಳಿಗಾಗಿ ರಾಮಾಯಣ ಬರೆದು ಚಿತ್ರಗಳನ್ನೂ ಬಿಡಿಸಿದರು. ಅಚ್ಚಿನಲ್ಲಿ ಆ ಚಿತ್ರಗಳು ಕೆಟ್ಟುಹೋದದ್ದನ್ನು ಕಂಡು ಸುಮ್ಮನೆ ಕೂರದೆ, ಇಂಗ್ಲೆಂಡಿನಿಂದ ಉಪಕರಣ ತರಿಸಿ, ತಾವೇ ಕಲಿತು, 1895ರಲ್ಲಿ ಬ್ಲಾಕ್ ಮಾಡುವ ಸಂಸ್ಥೆಯನ್ನೇ ತೆರೆದರು. ಅವರು ಹಾಫ್‌ಟೋನ್ ಕುರಿತು ಬರೆದ ಲೇಖನಗಳು ಲಂಡನ್ನಿನ ಪೆನ್‌ರೋಸ್ ವಾರ್ಷಿಕದಲ್ಲಿ ಪ್ರಕಟವಾದವು. ಮಗ ಸುಕುಮಾರ ರಾಯ್ 1911ರಲ್ಲಿ ಇದೇ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋದರು. ಸುಕುಮಾರರ ಮಗನೇ ಚಲನಚಿತ್ರ ನಿರ್ದೇಶಕ ಸತ್ಯಜಿತ್ ರಾಯ್.

ಉರುಳೆಯಿಂದ ಗಾಜಿನ ಹಲಗೆಗೆ

ಕಂಪ್ಯೂಟರಿಗೆ ಚಿತ್ರ ಉಣಿಸುವ ಕೆಲಸ 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ನಡೆಯಿತು. ರಸೆಲ್ ಕಿರ್ಷ್ ಎಂಬ ವಿಜ್ಞಾನಿ ತನ್ನ ಮೂರು ತಿಂಗಳ ಮಗುವಿನ ಫೋಟೋವನ್ನು ತಿರುಗುವ ಉರುಳೆಗೆ ಸುತ್ತಿ, ಬೆಳಕು ಹಾಯಿಸಿ, ಅಡ್ಡ 176, ಉದ್ದ 176 ಚುಕ್ಕಿಗಳಾಗಿ ಓದಿಸಿದ. ಒಟ್ಟು 30,976 ಚುಕ್ಕಿ. ಇಂದಿನ ಅಗ್ಗದ ಮೊಬೈಲಿನ ಚಿತ್ರದಲ್ಲೂ ಅದರ ನೂರಾರು ಪಟ್ಟು ಚುಕ್ಕಿಗಳಿರುತ್ತವೆ.

ಮುದ್ರಣಲೋಕವನ್ನು ದಶಕಗಳ ಕಾಲ ಆಳಿದ್ದು ಇದೇ ಉರುಳೆಯ ತತ್ತ್ವ. ಜರ್ಮನಿಯ ಕೀಲ್ ನಗರದ ಹೆಲ್, ಇಂಗ್ಲೆಂಡಿನ ಕ್ರಾಸ್‌ಫೀಲ್ಡ್ ಕಂಪನಿಗಳ ಡ್ರಮ್ ಸ್ಕ್ಯಾನರುಗಳಲ್ಲಿ ಚಿತ್ರವನ್ನು ಪಾರದರ್ಶಕ ಉರುಳೆಗೆ ಅಂಟಿಸಿ ವೇಗವಾಗಿ ತಿರುಗಿಸುತ್ತಿದ್ದರು. ಒಂದು ಕ್ಷಣಕ್ಕೆ ಒಂದೇ ಚುಕ್ಕಿಯಂತೆ, ಅತಿ ಮಸುಕು ಬೆಳಕನ್ನೂ ಹಿಡಿಯಬಲ್ಲ ಫೋಟೋಮಲ್ಟಿಪ್ಲೈಯರ್ ಎಂಬ ನಳಿಗೆ ಅದನ್ನು ಓದುತ್ತಿತ್ತು. ಯಂತ್ರದ ಬೆಲೆ ದುಬಾರಿ, ನಡೆಸುವವನ ಅನುಭವವೂ ದೊಡ್ಡದು.

1969ರಲ್ಲಿ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಬೆಳಕು ಗ್ರಹಿಸುವ ಚಿಪ್ಪನ್ನು ಕಂಡುಹಿಡಿದರು. 2009ರಲ್ಲಿ ಅದಕ್ಕಾಗಿ ನೊಬೆಲ್ ಪ್ರಶಸ್ತಿ ಬಂತು. ಗಾಜಿನ ಹಲಗೆಯ ಮೇಲೆ ಚಿತ್ರ ಮಗುಚಿಟ್ಟು ಓದಿಸುವ ಫ್ಲ್ಯಾಟ್‌ಬೆಡ್ ಸ್ಕ್ಯಾನರು ಈ ಚಿಪ್ಪಿನ ಕೂಸು. ಅದು ಅಂಗಡಿ ಅಂಗಡಿಗೆ ಬಂದದ್ದರಿಂದ ಸ್ಕ್ಯಾನಿಂಗ್ ಅಗ್ಗವಾಯಿತು, ಅದರೊಡನೆ ಅಸಡ್ಡೆಯೂ ಬಂತು.

ಎಷ್ಟು ಚುಕ್ಕಿ ಸಾಕು?

‘ಎಷ್ಟು ಡಿಪಿಐ ಮಾಡಲಿ?’ ಎಂದು ಅಂಗಡಿಯವರು ಕೇಳುತ್ತಾರೆ. ‘ಮುನ್ನೂರು’ ಎಂದು ನಾವು ಹೇಳುತ್ತೇವೆ. ಮಂತ್ರದ ಹಾಗೆ ಎಲ್ಲರೂ ಹೇಳುವ ಈ ಮುನ್ನೂರು ಎಲ್ಲಿಂದ ಬಂತು?

ಹಾಫ್‌ಟೋನಿನಲ್ಲಿ ಇಂಚಿಗೆ ಎಷ್ಟು ಸಾಲು ಚುಕ್ಕಿಗಳಿವೆ ಎಂಬುದನ್ನು ಅಚ್ಚುಕೂಟದವರು ‘ಸ್ಕ್ರೀನ್’ ಎನ್ನುತ್ತಾರೆ. ದಿನಪತ್ರಿಕೆಯ ಒರಟು ಕಾಗದಕ್ಕೆ ಸಾಮಾನ್ಯವಾಗಿ 85ರಿಂದ 100, ನುಣುಪು ಕಾಗದದ ಪುಸ್ತಕಕ್ಕೆ 150, ಉತ್ತಮ ಕಲಾಪುಸ್ತಕಕ್ಕೆ 175 ಅಥವಾ ಅದಕ್ಕೂ ಹೆಚ್ಚು. ಒಂದೊಂದು ಮುದ್ರಣದ ಚುಕ್ಕಿಯ ಗಾತ್ರವನ್ನು ನಿರ್ಧರಿಸಲು ಸ್ಕ್ಯಾನಿನ ಚುಕ್ಕಿಗಳು ಉದ್ದಕ್ಕೂ ಅಗಲಕ್ಕೂ ಎರಡೆರಡಿದ್ದರೆ ಕ್ಷೇಮ. 150ರ ಎರಡರಷ್ಟು ಮುನ್ನೂರು.

ಆದರೆ ಇದು ಚಿತ್ರವನ್ನು ಇದ್ದ ಅಳತೆಯಲ್ಲೇ ಮುದ್ರಿಸುವಾಗಿನ ಲೆಕ್ಕ. ಹಿಗ್ಗಿಸುವುದಾದರೆ ಅಷ್ಟೇ ಪಟ್ಟು ಹೆಚ್ಚಬೇಕು. ಪೋಸ್ಟ್‌ಕಾರ್ಡ್ ಗಾತ್ರದ ಫೋಟೋ ಎರಡು ಪಟ್ಟು ದೊಡ್ಡದಾಗಬೇಕಾದರೆ 600. ಕೇವಲ 24 ಮಿಲಿಮೀಟರ್ ಎತ್ತರ, 36 ಮಿಲಿಮೀಟರ್ ಅಗಲದ ಸ್ಲೈಡನ್ನು ಹತ್ತು ಪಟ್ಟು ಹಿಗ್ಗಿಸಿ ಕ್ಯಾಲೆಂಡರಿನಲ್ಲಿ ಹಾಕಬೇಕಾದರೆ 3000. ಮುನ್ನೂರರಲ್ಲಿ ಸ್ಕ್ಯಾನ್ ಮಾಡಿಟ್ಟು ಆಮೇಲೆ ಕಂಪ್ಯೂಟರಿನಲ್ಲಿ ಹಿಗ್ಗಿಸಿದರೆ ಚುಕ್ಕಿಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ. ಮಜ್ಜಿಗೆಗೆ ನೀರು ಬೆರೆಸಿದರೆ ಪಾತ್ರೆ ತುಂಬುತ್ತದೆ, ಬೆಣ್ಣೆ ಹೆಚ್ಚುವುದಿಲ್ಲ. ಸ್ಕ್ಯಾನರಿನ ಡಬ್ಬಿಯ ಮೇಲೆ ಬರೆದಿರುವ ಭಾರಿ ಸಂಖ್ಯೆಗಳಲ್ಲೂ ಇಂಥ ನೀರಿರುತ್ತದೆ. ಮಸೂರ ಮತ್ತು ಚಿಪ್ಪು ನಿಜಕ್ಕೂ ಓದಬಲ್ಲ ‘ಆಪ್ಟಿಕಲ್’ ಸಂಖ್ಯೆ ಎಷ್ಟು ಎಂದು ಕೇಳಬೇಕು.

ಈಗ ನಮ್ಮ ಗುಂಪುಚಿತ್ರದ ಲೆಕ್ಕ ನೋಡಿ. ಮೂಲ ಹತ್ತು ಇಂಚು ಅಗಲ, ಎಂಟು ಇಂಚು ಎತ್ತರ. ಸಾಲಿಗೆ ಹದಿನೈದು ಜನ, ಒಂದೊಂದು ಮುಖ ಸುಮಾರು ಎಂಟು ಮಿಲಿಮೀಟರ್. ಏಳು ಇಂಚಿನ ಪುಟಕ್ಕೆ ಕುಗ್ಗಿಸಿದಾಗ ಮುಖ ಆರು ಮಿಲಿಮೀಟರಿಗೂ ಕಡಿಮೆ. 150 ಸ್ಕ್ರೀನಿನಲ್ಲಿ ಹಣೆಯಿಂದ ಗದ್ದದವರೆಗೆ ಸಿಕ್ಕುವುದು ಮೂವತ್ತುಮೂರು ಚುಕ್ಕಿ. ಅಷ್ಟರಲ್ಲೇ ಕಣ್ಣು, ಮೂಗು, ಮೀಸೆ, ನಗು ಎಲ್ಲ ಮೂಡಬೇಕು! ಸ್ಕ್ಯಾನ್ ಅತ್ಯುತ್ತಮವಾಗಿದ್ದರೆ ಮಾತ್ರ ಇಷ್ಟರಲ್ಲಿ ಒಬ್ಬ ಮನುಷ್ಯನ ಗುರುತು ಹತ್ತುತ್ತದೆ. ಮೊಬೈಲಿನ ಮಸುಕು ಚಿತ್ರ ಅಲ್ಲಿ ಸೋಲಲೇಬೇಕಿತ್ತು.

ನೆರಳಿನೊಳಗೆ ಏನಿದೆ?

ಚುಕ್ಕಿಯ ಸಂಖ್ಯೆ ಒಂದೇ ಗುಣವಲ್ಲ. ಅನುಭವಿಗಳು ಮೊದಲು ನೋಡುವುದು ಚಿತ್ರದ ಕಪ್ಪು ಭಾಗವನ್ನು. ಕಾಗದದ ಮೇಲಿನ ಫೋಟೋದಲ್ಲಿ ಅತಿ ಕಪ್ಪು ಜಾಗವೂ ಬಿದ್ದ ಬೆಳಕಿನ ಸುಮಾರು ನೂರರಲ್ಲಿ ಒಂದು ಪಾಲನ್ನು ಹಿಂತಿರುಗಿಸುತ್ತದೆ. ಸ್ಲೈಡಿನ ಕಡುಗಪ್ಪಿನಲ್ಲಿ ಹಾಯುವ ಬೆಳಕು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಇದನ್ನು ಸಾಂದ್ರತೆಯ ಅಂಕಿಗಳಲ್ಲಿ ಅಳೆಯುತ್ತಾರೆ: ನೂರರಲ್ಲಿ ಒಂದಾದರೆ 2, ಸಾವಿರದಲ್ಲಿ ಒಂದಾದರೆ 3, ಹತ್ತು ಸಾವಿರದಲ್ಲಿ ಒಂದಾದರೆ 4. ಡ್ರಮ್ ಸ್ಕ್ಯಾನರಿನ ಹಿರಿಮೆ ಇದ್ದದ್ದು ಇಲ್ಲೇ. ನಾಲ್ಕರ ಹತ್ತಿರದ ಕತ್ತಲೆಯಲ್ಲೂ ಅದು ವಿವರ ಹುಡುಕುತ್ತಿತ್ತು. ಅಗ್ಗದ ಫ್ಲ್ಯಾಟ್‌ಬೆಡ್ ಅಲ್ಲಿ ಬರೀ ಕಪ್ಪು ಮತ್ತು ಮರಳಿನಂಥ ಗದ್ದಲವನ್ನು ಕೊಡುತ್ತದೆ. ಗರ್ಭಗುಡಿಯ ಮಂದ ಬೆಳಕಿನಲ್ಲಿ ತೆಗೆದ ಸ್ಲೈಡಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಹಾಗೆಂದು ಎಲ್ಲಕ್ಕೂ ಡ್ರಮ್ ಬೇಕಿಲ್ಲ, ಅದು ಇಂದು ಅಪರೂಪವೂ ಹೌದು. ಕಾಗದದ ಫೋಟೋಗೆ ಒಳ್ಳೆಯ ಸಿಸಿಡಿ ಫ್ಲ್ಯಾಟ್‌ಬೆಡ್ ಸಾಕು. ಸ್ಲೈಡು, ನೆಗೆಟಿವುಗಳಿಗೆ ಫಿಲಂ ಸ್ಕ್ಯಾನರು ಮೇಲು. ಪ್ರಿಂಟರಿನ ಜೊತೆಗೇ ಬರುವ ತೆಳ್ಳನೆಯ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಗಾಜಿಗೆ ಅಂಟಿಕೊಂಡದ್ದನ್ನು ಮಾತ್ರ ಸ್ಪಷ್ಟವಾಗಿ ಓದುತ್ತವೆ. ಸುರುಟಿಕೊಂಡ ಹಳೆಯ ಫೋಟೋ ಒಂದೆರಡು ಮಿಲಿಮೀಟರ್ ಮೇಲೆದ್ದರೂ ಮಬ್ಬಾಗುತ್ತದೆ. ಇನ್ನೊಂದು ಮಾತು: ನೆಗೆಟಿವ್ ಉಳಿದಿದ್ದರೆ ಫೋಟೋದ ಬದಲು ಅದನ್ನೇ ಸ್ಕ್ಯಾನ್ ಮಾಡಿಸಬೇಕು, ಮೂಲ ವಿವರ ಇರುವುದು ಅದರಲ್ಲೇ.

ಛಾಯೆಗಳ ಲೆಕ್ಕವೂ ಇದಕ್ಕೆ ಸೇರಿದ್ದು. ಎಂಟು ಬಿಟ್ಟಿನ ಸ್ಕ್ಯಾನಿನಲ್ಲಿ ಕಪ್ಪಿನಿಂದ ಬಿಳಿಯವರೆಗೆ 256 ಮೆಟ್ಟಿಲು, ಹದಿನಾರು ಬಿಟ್ಟಿನಲ್ಲಿ 65,536. ಮಾಸಿದ ಫೋಟೋದ ಛಾಯೆಗಳೆಲ್ಲ ನಡುವಿನ ಕೆಲವೇ ಮೆಟ್ಟಿಲುಗಳಲ್ಲಿ ಕಿಕ್ಕಿರಿದಿರುತ್ತವೆ. ಅದನ್ನು ತಿದ್ದಿ ಎಳೆದಾಗ ಎಂಟು ಬಿಟ್ಟಿನ ಚಿತ್ರದಲ್ಲಿ ಮೆಟ್ಟಿಲುಗಳ ನಡುವೆ ಬಿರುಕು ಬಿಟ್ಟು ಆಕಾಶ, ಕೆನ್ನೆಗಳ ಮೇಲೆ ಪಟ್ಟಿಗಳು ಮೂಡುತ್ತವೆ. ತಿದ್ದುವ ಕೆಲಸವಿದ್ದರೆ ಹದಿನಾರನ್ನೇ ಕೇಳುವುದು ಒಳ್ಳೆಯದು.

ಬಣ್ಣದ ಜಗಳ

ಸ್ಕ್ಯಾನರು ನೋಡುವುದು ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ. ಅಚ್ಚಾಗುವುದು ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಯಲ್ಲಿ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಕೆಲವು ಮಾತು ಕಳೆದೇ ಹೋಗುತ್ತವೆ. ಪರದೆಯ ಮೇಲೆ ಹೊಳೆಯುವ ಕಡುನೀಲಿ, ಗಿಳಿಹಸಿರುಗಳನ್ನು ಈ ನಾಲ್ಕು ಶಾಯಿಗಳು ಕೊಡಲಾರವು. ಯಾವ ಕಾಗದ, ಯಾವ ಯಂತ್ರ ಎಂದು ತಿಳಿದ ಮೇಲೆಯೇ ಈ ಪರಿವರ್ತನೆ ನಡೆಯಬೇಕು. ಏಕೆಂದರೆ ದಿನಪತ್ರಿಕೆಯ ಕಾಗದ ಶಾಯಿಯನ್ನು ಹೀರಿ ಚುಕ್ಕಿಯನ್ನು ಅಗಲವಾಗಿಸುತ್ತದೆ. ನುಣುಪು ಕಾಗದಕ್ಕೆಂದು ಸಿದ್ಧಪಡಿಸಿದ ಚಿತ್ರ ಅಲ್ಲಿ ಮಸಿ ಬಳಿದಂತಾಗುತ್ತದೆ. ಸ್ಕ್ಯಾನರು, ಪರದೆ, ಅಚ್ಚಿನ ಯಂತ್ರ ಈ ಮೂರೂ ಬಣ್ಣದ ಬಗ್ಗೆ ಒಂದೇ ಮಾತಾಡಲೆಂದು 1993ರಲ್ಲಿ ಹಲವು ಕಂಪನಿಗಳು ಸೇರಿ ಅಂತರರಾಷ್ಟ್ರೀಯ ಬಣ್ಣ ಒಕ್ಕೂಟ ಕಟ್ಟಿದವು. ಅವರು ರೂಪಿಸಿದ ‘ಪ್ರೊಫೈಲ್’ ಚಿತ್ರದೊಡನೆ ಇದ್ದರೆ ಜಗಳ ಬಹುಮಟ್ಟಿಗೆ ತಪ್ಪುತ್ತದೆ.

ಅಚ್ಚಾದ ಚಿತ್ರವನ್ನೇ ಮತ್ತೆ ಸ್ಕ್ಯಾನ್ ಮಾಡುವಾಗ ಬೇರೊಂದು ತೊಡಕಿದೆ. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದು ನೋಡಿ, ಎರಡರಲ್ಲೂ ಇಲ್ಲದ ಅಲೆಗಳು ಕಾಣುತ್ತವೆ. ಹಳೆಯ ಚುಕ್ಕಿಗಳ ಮೇಲೆ ಹೊಸ ಚುಕ್ಕಿಗಳು ಕೂತಾಗಲೂ ಹಾಗೆಯೇ. ಇದಕ್ಕೆ ಮೊಯಿರೆ ಎಂದು ಹೆಸರು. ಚುಕ್ಕಿ ಅಳಿಸುವ ಸೌಲಭ್ಯ ಸ್ಕ್ಯಾನರುಗಳಲ್ಲಿದೆ, ಆದರೆ ಅದು ಚುಕ್ಕಿಯೊಡನೆ ಸ್ವಲ್ಪ ಚಿತ್ರವನ್ನೂ ಅಳಿಸುತ್ತದೆ. ಮೂಲ ಫೋಟೋ ಹುಡುಕುವುದೇ ಸರಿಯಾದ ದಾರಿ.

ಗಾಜಿನ ಮೇಲೆ ಇಡಬಾರದವು

ಕೆಲವಕ್ಕೆ ಸ್ಕ್ಯಾನರೇ ಸಲ್ಲದು. ಮೈಸೂರು ಶೈಲಿಯ ಚಿತ್ರಗಳಲ್ಲಿ ತುಸು ಉಬ್ಬಿದ ಕುಸುರಿಯ ಮೇಲೆ ಚಿನ್ನದ ತಗಡು ಕೂರಿಸಿರುತ್ತಾರೆ. ಫ್ಲ್ಯಾಟ್‌ಬೆಡ್ಡಿನ ಬೆಳಕು ಓರೆಯಾಗಿ ಬಿದ್ದು ಚಿನ್ನದಿಂದ ಬೇರೆಡೆಗೆ ಚಿಮ್ಮಿಹೋಗುವುದರಿಂದ ಲಕ್ಷ್ಮಿಯ ಕಿರೀಟ ಕಂದು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಉಬ್ಬು ಗಾಜಿಗೆ ಉಜ್ಜಿ ಹಾಳಾಗುವ ಭಯ ಬೇರೆ. ಇಂಥವನ್ನು ಒಳ್ಳೆಯ ಕ್ಯಾಮೆರಾದಿಂದ, ಚಿನ್ನ ಹೊಳೆಯುವಂತೆ ದೀಪಗಳನ್ನು ಹೊಂದಿಸಿ ತೆಗೆಯಬೇಕು.

ತಾಳೆಗರಿಯ ಕತೆಯೂ ಅದೇ. ಒಣಗಿ ಬಾಗಿದ ಗರಿಯನ್ನು ಗಾಜಿಗೆ ಒತ್ತಿದರೆ ಮುರಿದೀತು. ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ಸಿಕ್ಕಿದ್ದು ಮೈಸೂರಿನ ಒಂದು ತಾಳೆಗರಿ ಕಟ್ಟಿನಿಂದ. ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು. ಇಂಥ ಆಸ್ತಿಯ ಮುಂದೆ ಸ್ಕ್ಯಾನಿನ ಸ್ಪಷ್ಟತೆಗಿಂತ ಮೂಲದ ಕ್ಷೇಮವೇ ದೊಡ್ಡದು. ಹಳೆಯ ಫೋಟೋ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೂ ಕೀಳಬಾರದು. ಕಿತ್ತರೆ ಚಿತ್ರದ ಪದರವೇ ಗಾಜಿನೊಡನೆ ಬರುತ್ತದೆ. ಗಾಜಿನ ಸಮೇತವೇ ಪ್ರತಿ ತೆಗೆಸಬೇಕು.

ಅಪ್ಪ ಸಿಕ್ಕಿದ ಬಗೆ

ಮತ್ತೆ ನಮ್ಮ ಸಂಚಿಕೆಗೆ ಬರೋಣ. ಆ ಹಿರಿಯರ ಮಾತು ಕೇಳಿದ ಮೇಲೆ ಗುಂಪುಚಿತ್ರವನ್ನು ಬೇರೆಯಾಗಿ ಅಚ್ಚು ಹಾಕಿಸಿ ಎಲ್ಲರಿಗೂ ಕೊಡುವುದೆಂದು ತೀರ್ಮಾನಿಸಿದೆವು. ಹುಡುಗನೊಬ್ಬ ಮಸುಕು ಚಿತ್ರವನ್ನು ಮುಖ ಸ್ಪಷ್ಟಗೊಳಿಸುವ ತಂತ್ರಾಂಶಕ್ಕೆ ಹಾಕಿ ಅರೆಗಳಿಗೆಯಲ್ಲಿ ತಂದ. ಆಶ್ಚರ್ಯ! ಅರುವತ್ತು ಮುಖಗಳೂ ನಿಚ್ಚಳ. ಕಣ್ಣುರೆಪ್ಪೆಗಳನ್ನೂ ಎಣಿಸಬಹುದಿತ್ತು. ಆಕೆಗೆ ತೋರಿಸಿದೆವು. ಬಹಳ ಹೊತ್ತು ನೋಡಿ, “ಇದು ಯಾರೋ, ನಮ್ಮಪ್ಪ ಅಲ್ಲ” ಎಂದರು. ಅವರ ಮಾತು ನಿಜ. ಇಲ್ಲದ ವಿವರವನ್ನು ಆ ತಂತ್ರಾಂಶ ಹುಡುಕಿ ತರುವುದಿಲ್ಲ, ತಾನು ಕಂಡ ಬೇರೆ ಮುಖಗಳ ಅಂದಾಜಿನ ಮೇಲೆ ಕಟ್ಟುತ್ತದೆ. ಮಸುಕು ಚಿತ್ರ ತನಗೆ ಗೊತ್ತಿಲ್ಲವೆಂದು ಒಪ್ಪಿಕೊಳ್ಳುತ್ತದೆ, ಕಟ್ಟಿದ ಮುಖ ಸುಳ್ಳು ಸಾಕ್ಷಿ ಹೇಳುತ್ತದೆ. ಅದನ್ನೇ ಅಚ್ಚು ಹಾಕಿಸಿದ್ದರೆ ಮುಂದಿನವರು ಆ ಮುಖವನ್ನೇ ತಮ್ಮ ತಾತನೆಂದು ನಂಬುತ್ತಿದ್ದರು.

ಕೊನೆಗೆ ಚೌಕಟ್ಟು ಬಿಚ್ಚಿಸಿದೆವು. ಪುಣ್ಯಕ್ಕೆ ಫೋಟೋ ಗಾಜಿಗೆ ಅಂಟಿರಲಿಲ್ಲ. ಆ ಕಾಲದ ದೊಡ್ಡ ಗುಂಪುಚಿತ್ರಗಳನ್ನು ಎಷ್ಟೋ ಸಲ ದೊಡ್ಡ ನೆಗೆಟಿವಿನಿಂದ, ಹಿಗ್ಗಿಸದೆ, ನೇರವಾಗಿ ಕಾಗದಕ್ಕಿಳಿಸುತ್ತಿದ್ದರು. ಆದ್ದರಿಂದ ಅವುಗಳಲ್ಲಿ ಬರಿಗಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ವಿವರ ಅಡಗಿರುತ್ತದೆ. 1200 ಡಿಪಿಐ, ಹದಿನಾರು ಬಿಟ್ಟು, ಟಿಫ್ ಕಡತ ಎಂದು ಹೇಳಿ ಮಾಡಿಸಿದೆವು. 11 ಕೋಟಿ 52 ಲಕ್ಷ ಚುಕ್ಕಿಗಳ, ಸುಮಾರು 230 ಮೆಗಾಬೈಟಿನ ಕಡತ. ಒಂದೊಂದು ಸಾಲನ್ನೂ ಎರಡು ಭಾಗ ಮಾಡಿ, ಮೂಲಕ್ಕಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದಾಗಿ ಹಾಕಿಸಿದೆವು. ಹಿಂದಿನ ಸಾಲಿನ ಇಬ್ಬರ ಮುಖವನ್ನು ಬೂಷ್ಟು ತಿಂದಿತ್ತು, ಅದನ್ನು ಹಾಗೆಯೇ ಬಿಟ್ಟೆವು. ಮೇಷ್ಟರ ಮುಖ ಬಂದಿತ್ತು. ಮಗಳು ನೋಡಿದವರೇ ಹುಬ್ಬಿನ ಮೇಲೆ ಬೆರಳಿಟ್ಟು, “ಸಿಟ್ಟು ಬಂದರೆ ಇದನ್ನು ಹೀಗೇ ಏರಿಸ್ತಿದ್ದರು” ಎಂದರು.

ಅಚ್ಚು ಹಾಕಿಸುವವರು ನೆನಪಿಡಬೇಕಾದದ್ದು ಹೆಚ್ಚೇನಿಲ್ಲ. ಮೂಲವನ್ನೇ ಹುಡುಕಿ. ಯಾವ ಅಳತೆಯಲ್ಲಿ, ಯಾವ ಕಾಗದದ ಮೇಲೆ ಬರುತ್ತದೆಂದು ಮೊದಲೇ ತೀರ್ಮಾನಿಸಿ. ಹಿಗ್ಗಿಸುವ ಪಟ್ಟು ಲೆಕ್ಕ ಹಾಕಿ ಡಿಪಿಐ ಹೇಳಿ. ಕಪ್ಪಿನಲ್ಲೂ ವಿವರ ಉಳಿದಿದೆಯೇ ನೋಡಿ. ಜೆಪೆಗ್‌ನಲ್ಲಿ ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಸ್ವಲ್ಪ ಸವೆಯುತ್ತದೆ, ಆದ್ದರಿಂದ ತಿದ್ದದ ಟಿಫ್ ಪ್ರತಿಯೊಂದನ್ನು ಎರಡು ಕಡೆ ಜೋಪಾನ ಮಾಡಿ. ವಾಟ್ಸ್‌ಆ್ಯಪಿನಲ್ಲಿ ಕಳುಹಿಸಲೇಬೇಕಾದರೆ ಚಿತ್ರವಾಗಿ ಬೇಡ, ಡಾಕ್ಯುಮೆಂಟ್ ಆಗಿ ಕಳುಹಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಪೂರ್ತಿ ಅಚ್ಚಾಗುವ ಮೊದಲು ಅದೇ ಕಾಗದದ ಮೇಲೆ ಒಂದು ಪ್ರೂಫ್ ಕೇಳಿ, ಹಗಲು ಬೆಳಕಿನಲ್ಲಿ ಮೂಲದ ಪಕ್ಕದಲ್ಲಿಟ್ಟು ನೋಡಿ.

ಹಾಗೆಯೇ, ಮನೆಯ ಹಳೆಯ ಫೋಟೋಗಳ ಬೆನ್ನಿಗೆ ಇಂದೇ ಮೆತ್ತನೆಯ ಪೆನ್ಸಿಲಿನಲ್ಲಿ ಹೆಸರು ಬರೆದಿಡಿ. ಬಾಲ್ ಪೆನ್ನು ಬೇಡ, ಒತ್ತಿದ ಗೆರೆ ಮುಂಬದಿಗೆ ಮೂಡುತ್ತದೆ. ಹೆಸರು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಕೇಳಿ ಬರೆದುಕೊಳ್ಳಿ. ಯಾವ ಸ್ಕ್ಯಾನರಿಗೂ ಅದನ್ನು ಓದಿ ಹೇಳುವುದು ಸಾಧ್ಯವಿಲ್ಲ.